ಅಂಟದ ಕಾವಲಿಯ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. 2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಶಾಲೆಯ ಗೇಟು ದಾಟಿದ ಮೇಲೆ ಕನ್ನಡದಲ್ಲಿ ಎರಡು ಪುಟ ಒಟ್ಟಿಗೆ ಬರೆದ ನೆನಪು ನನಗಿಲ್ಲ. ಬಿ.ಇ. ಓದಿದ್ದು, ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವುದು, ಎರಡಕ್ಕೂ ಕನ್ನಡ ಬೇಕಾಗಲಿಲ್ಲ. "ಶಾಲೆಯ ಚರಿತ್ರೆ ಬರೆಯೋದಕ್ಕೆ ಹಿರಿಯರಿದ್ದಾರೆ. ನೀವು ವಿಜ್ಞಾನಕ್ಕೆ ಸಂಬಂಧಪಟ್ಟ ಚರಿತ್ರೆ ಏನಾದರೂ ಬರೀರಿ. ಮಕ್ಕಳಿಗೂ ಉಪಯೋಗ ಆಗಬೇಕು, ಊರಿನವರಿಗೂ ಅರ್ಥ ಆಗಬೇಕು" ಎಂದರು. ನಾನು ಮೂರು ದಿನ ಯೋಚಿಸಿ, ಕೊನೆಗೆ ನಮ್ಮ ಮನೆಯ ದೋಸೆ ಕಾವಲಿಯ ಬಗ್ಗೆ ಬರೆಯುತ್ತೇನೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು "ಸರಿ, ಬರೀರಿ" ಎಂದರು. ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು.

ತಮಾಷೆಯಲ್ಲ. ಈ ವಿಷಯ ನನ್ನ ತಲೆಗೆ ಮೊದಲು ಬಿದ್ದದ್ದು ಇದೇ ಶಾಲೆಯ ಹಿಂದಿನ ಹಳ್ಳದ ದಡದಲ್ಲಿ. ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಮಳೆಗಾಲದ ದಿನ ವಿಜ್ಞಾನದ ಮೇಷ್ಟ್ರು ನಮ್ಮನ್ನೆಲ್ಲ ಕೊಡೆ ಸಮೇತ ಹಳ್ಳದ ಹತ್ತಿರ ಕರೆದುಕೊಂಡು ಹೋಗಿ, ಕೆಸುವಿನ ಎಲೆಯ ಮೇಲೆ ಉರುಳುತ್ತಿದ್ದ ನೀರಿನ ಹನಿ ತೋರಿಸಿ, "ಇದು ಯಾಕೆ ಅಂಟ್ತಾ ಇಲ್ಲ ಹೇಳ್ರೋ?" ಎಂದು ಕೇಳಿದ್ದರು. ಎಲೆ ನುಣುಪಾಗಿದೆ, ಅದಕ್ಕೇ ಎಂದು ನಾನು ಹೇಳಿದೆ. ತಪ್ಪು ಉತ್ತರ. ಕಣ್ಣಿಗೆ ಕಾಣದಷ್ಟು ಸಣ್ಣ ಗುಬಟುಗಳು ಎಲೆಯ ಮೇಲಿವೆ, ಅವುಗಳ ಮೇಲೆ ಮೇಣದ ಲೇಪವಿದೆ, ಹನಿ ಆ ಗುಬಟುಗಳ ತುದಿಯಲ್ಲಿ ಕುಳಿತಿರುತ್ತದೆಯೇ ಹೊರತು ಎಲೆಯನ್ನು ಪೂರ್ತಿ ಮುಟ್ಟುವುದೇ ಇಲ್ಲ ಎಂದು ಅವರು ವಿವರಿಸಿದರು. ಅಂಟುವುದು, ಅಂಟದೇ ಇರುವುದು ಇವುಗಳ ಹಿಂದೆ ಒಂದು ಕಾರಣ ಇರುತ್ತದೆ ಎಂದು ನನಗೆ ತಿಳಿದದ್ದು ಅವತ್ತು.

ಇನ್ನು ಕಾವಲಿಯ ವಿಷಯ. ನಮ್ಮ ಮನೆಯಲ್ಲಿದ್ದದ್ದು ಬೀಡಿನ ಕಾವಲಿ. ಅಜ್ಜಿ ಅದನ್ನು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಕೊಂಡು, ತಲೆಯ ಮೇಲೆ ಹೊತ್ತು ತಂದದ್ದಂತೆ. ಮನೆಯಲ್ಲಿ ಎಲ್ಲರೂ ಅದನ್ನು "ಭದ್ರಾವತಿ ಕಬ್ಬಿಣ" ಎನ್ನುತ್ತಿದ್ದರು. ಬೆಳಿಗ್ಗೆ ಅರ್ಧ ಈರುಳ್ಳಿಯನ್ನು ಕಡ್ಡಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಅದರ ಮೇಲೆ ಒರೆಸಿದಾಗ ಬರುತ್ತಿದ್ದ ಚುಯ್ ಸದ್ದು ಕೇಳಿಯೇ ನಾವು ಏಳುತ್ತಿದ್ದೆವು. 2010ರಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅಪ್ಪನಿಗೆ ಒಂದು ಸ್ವೆಟರು, ಅಮ್ಮನಿಗೆ ಒಂದು ನಾನ್‌ಸ್ಟಿಕ್ ತವಾ ತೆಗೆದುಕೊಂಡು ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದೆ. ಅಪ್ಪನಿಗೆ ಕೊಲೆಸ್ಟ್ರಾಲ್ ಇದೆ, ಎಣ್ಣೆ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯವನೂ ಅದೇ ಮಾತು ಹೇಳಿದ್ದ, ಒಂದು ಹನಿ ಎಣ್ಣೆ ಸಾಕು ಅಂತ. ಮೊದಲ ದೋಸೆ ತಾನಾಗಿಯೇ ಜಾರಿ ತಟ್ಟೆಗೆ ಬಿದ್ದಾಗ ಅಮ್ಮ ನಗಾಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಇದಕ್ಕೆ ಸಟ್ಟುಗವೇ ಬೇಡವಲ್ಲ ಮಾರಾಯ!" ಎಂದಳು. ಒಂದು ವಾರದಲ್ಲಿ ಅಜ್ಜಿಯ ಕಾವಲಿ ಹಿತ್ತಲಿಗೆ ಹೋಯಿತು. ಕೋಳಿಗೂಡಿನ ಬಾಗಿಲಿಗೆ ಅಡ್ಡ ಇಡಲು ಭಾರದ ವಸ್ತು ಬೇಕಿತ್ತು.

ನಾನು ಬೆಂಗಳೂರಿನಲ್ಲಿ ಸಂಸಾರ ಹೂಡಿದಾಗಲೂ ಅಂಥದ್ದೇ ತವಾ ಕೊಂಡೆ. ಮಗಳಿಗೆಂದು ಒಂದು ಜೊತೆ ಲವ್ ಬರ್ಡ್ಸ್ ಸಾಕಿದ್ದೆವು. ಪಂಜರ ಇದ್ದದ್ದು ಅಡುಗೆಮನೆಗೆ ಹೊಂದಿಕೊಂಡ ಬಾಲ್ಕನಿಯಲ್ಲಿ. 2019ರ ಒಂದು ಭಾನುವಾರ ಚಪಾತಿ ಮಾಡಲೆಂದು ತವಾವನ್ನು ದೊಡ್ಡ ಉರಿಯ ಮೇಲೆ ಇಟ್ಟವನು ಆಫೀಸಿನ ಫೋನ್ ಬಂತೆಂದು ಹೊರಗೆ ಹೋದೆ. ಸರ್ವರ್ ಕೆಟ್ಟಿತ್ತು, ಮಾತು ಮುಗಿಯಲು ಇಪ್ಪತ್ತು ನಿಮಿಷವೇ ಆಯಿತು. ಒಳಗೆ ಬಂದಾಗ ಅಡುಗೆಮನೆಯಲ್ಲಿ ಏನೋ ಒಂದು ಒಣ ವಾಸನೆ. ಗ್ಯಾಸ್ ಆರಿಸಿ ಕಿಟಕಿ ತೆಗೆದೆ. ಎರಡು ಹಕ್ಕಿಗಳೂ ಪಂಜರದ ತಳದಲ್ಲಿ ಬಿದ್ದಿದ್ದವು. ಪಶುವೈದ್ಯರು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಮನೇಲಿ ನಾನ್‌ಸ್ಟಿಕ್ ಪಾತ್ರೆ ಸುಟ್ಟಿತ್ತಾ?"

ತಪ್ಪು ನನ್ನದೇ. ಖಾಲಿ ತವಾವನ್ನು ಉರಿಯ ಮೇಲೆ ಬಿಟ್ಟು ಹೋದವನು ನಾನು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಕ್ಕಿ ಸಾಕಿದವರಿಗೂ ಪಶುವೈದ್ಯರಿಗೂ ಗೊತ್ತಿದ್ದ ಸಂಗತಿ, ದಿನಕ್ಕೆರಡು ಸಲ ಆ ಪಾತ್ರೆಯಲ್ಲಿ ಅಡುಗೆ ಮಾಡುವ ನನಗೆ ಯಾಕೆ ಗೊತ್ತಿರಲಿಲ್ಲ? ಅಲ್ಲಿಂದ ಓದಲು ಶುರು ಮಾಡಿದೆ.

ಈ ಕತೆ ಆರಂಭವಾಗುವುದು 1938ರ ಏಪ್ರಿಲ್ 6ರಂದು, ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಡ್ಯೂಪಾಂಟ್ ಕಂಪನಿಯ ಜಾಕ್ಸನ್ ಪ್ರಯೋಗಾಲಯದಲ್ಲಿ. ರಾಯ್ ಪ್ಲಂಕೆಟ್ ಎಂಬ 27 ವರ್ಷದ ರಸಾಯನ ವಿಜ್ಞಾನಿ ಫ್ರಿಜ್‌ಗೆ ಬೇಕಾದ ಹೊಸ ಅನಿಲ ಹುಡುಕುತ್ತಿದ್ದ. ಟೆಟ್ರಾಫ್ಲೋರೋಎಥಿಲೀನ್ ಎಂಬ ಅನಿಲವನ್ನು ಸಣ್ಣ ಸಿಲಿಂಡರುಗಳಲ್ಲಿ ತುಂಬಿ ತಣ್ಣಗೆ ಇಟ್ಟಿದ್ದ. ಅವತ್ತು ಬೆಳಿಗ್ಗೆ ಅವನೂ ಸಹಾಯಕ ಜಾಕ್ ರೆಬೋಕನೂ ಒಂದು ಸಿಲಿಂಡರಿನ ವಾಲ್ವ್ ತಿರುಗಿಸಿದರೆ ಏನೂ ಬರಲಿಲ್ಲ. ಸೋರಿ ಹೋಗಿರಬೇಕು ಎನ್ನಲು ತೂಕ ಕಡಿಮೆಯಾಗಿರಲಿಲ್ಲ. ನನ್ನಂಥವನಾಗಿದ್ದರೆ ಆ ಸಿಲಿಂಡರನ್ನು ಮೂಲೆಗೆ ಎಸೆದು ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದೆ. ಅವರು ಅದನ್ನು ಗರಗಸದಿಂದ ಕೊಯ್ದು ನೋಡಿದರು. ಒಳಗೆ ಮೇಣದಂಥ ಬಿಳಿ ಪುಡಿ ಇತ್ತು. ಅನಿಲದ ಅಣುಗಳು ಒಂದಕ್ಕೊಂದು ಕೈ ಹಿಡಿದು ಉದ್ದನೆಯ ಸರಪಳಿಗಳಾಗಿದ್ದವು. ಆಮ್ಲಕ್ಕೂ ಕರಗದ, ಬೆಂಕಿಗೂ ಬೇಗ ಜಗ್ಗದ, ಯಾವುದಕ್ಕೂ ಅಂಟದ ವಸ್ತು. ಹೆಸರು ಪಾಲಿಟೆಟ್ರಾಫ್ಲೋರೋಎಥಿಲೀನ್, ಚಿಕ್ಕದಾಗಿ ಪಿಟಿಎಫ್‌ಇ. ಮುಂದೆ ಟೆಫ್ಲಾನ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಪರಿಚಯವಾದದ್ದು ಇದೇ.

ಅದು ಯಾಕೆ ಅಂಟುವುದಿಲ್ಲ ಎನ್ನುವುದಕ್ಕೂ ಕೆಸುವಿನ ಎಲೆಯ ಕಾರಣಕ್ಕೂ ವ್ಯತ್ಯಾಸವಿದೆ. ಇಲ್ಲಿ ಇಂಗಾಲದ ಸರಪಳಿಯ ಸುತ್ತ ಫ್ಲೋರಿನ್ ಪರಮಾಣುಗಳು ಕವಚದ ಹಾಗೆ ಸುತ್ತಿಕೊಂಡಿರುತ್ತವೆ. ಇಂಗಾಲ ಮತ್ತು ಫ್ಲೋರಿನ್ನಿನ ನಡುವಿನ ಬಂಧ ಬಹಳ ಗಟ್ಟಿ. ಹೊರಗಿನ ಯಾವ ವಸ್ತುವಿನ ಜೊತೆಗೂ ಅದಕ್ಕೆ ವ್ಯವಹಾರ ಬೇಡ. ಈ ಗಟ್ಟಿತನವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಟೆಫ್ಲಾನ್ ಮೊದಲು ಹೋದದ್ದು ಯುದ್ಧಕ್ಕೆ. ಅಣುಬಾಂಬು ತಯಾರಿಸುವ ಮ್ಯಾನ್‌ಹಟನ್ ಯೋಜನೆಯಲ್ಲಿ ಯುರೇನಿಯಂ ಹೆಕ್ಸಾಫ್ಲೋರೈಡ್ ಎಂಬ, ಲೋಹವನ್ನೂ ತಿನ್ನುವ ಅನಿಲವನ್ನು ಸಾಗಿಸಬೇಕಿತ್ತು. ಅದಕ್ಕೆ ತಡೆದುಕೊಳ್ಳುವ ವಾಷರು, ಸೀಲುಗಳಿಗೆ ಇದನ್ನು ಬಳಸಿದರು. ಅಡುಗೆಮನೆಗೆ ಬಂದದ್ದು ಫ್ರಾನ್ಸಿನ ಕಡೆಯಿಂದ. ಮಾರ್ಕ್ ಗ್ರೆಗುವಾರ್ ಎಂಬ ಎಂಜಿನಿಯರು ಮೀನು ಹಿಡಿಯುವ ಗಾಳದ ಸಲಕರಣೆಗೆ ಟೆಫ್ಲಾನ್ ಬಳಿಯುವ ಪ್ರಯತ್ನದಲ್ಲಿದ್ದ. ನನ್ನ ಅಡುಗೆ ಪಾತ್ರೆಗೆ ಬಳಿದುಕೊಡಬಾರದೇ ಎಂದವಳು ಅವನ ಹೆಂಡತಿ ಕೊಲೆಟ್. ಯಾವುದಕ್ಕೂ ಅಂಟದ ವಸ್ತುವನ್ನು ಪಾತ್ರೆಗೆ ಅಂಟಿಸುವುದು ಹೇಗೆ ಎಂಬ ತೊಡಕಿಗೆ ಗ್ರೆಗುವಾರ್ ಉಪಾಯ ಕಂಡುಕೊಂಡ. ಅಲ್ಯೂಮಿನಿಯಂ ಪಾತ್ರೆಯ ಮೈಯನ್ನು ಆಮ್ಲದಿಂದ ಸಣ್ಣಗೆ ಕೊರೆದು, ಆ ಗುಳಿಗಳಲ್ಲಿ ಟೆಫ್ಲಾನ್ ಪುಡಿ ಕೂರಿಸಿ, ಕಾಯಿಸಿ ಕರಗಿಸಿದ. 1956ರಲ್ಲಿ ಗಂಡಹೆಂಡತಿ ಸೇರಿ ಟೆಫಾಲ್ ಕಂಪನಿ ಸ್ಥಾಪಿಸಿದರು. 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮೇಸೀಸ್ ಅಂಗಡಿಗೆ ಆ ಬಾಣಲೆಗಳು ಬಂದಾಗ, ಹೊರಗೆ ಹಿಮ ಸುರಿಯುತ್ತಿದ್ದರೂ ಎರಡೇ ದಿನದಲ್ಲಿ ಖಾಲಿಯಾದವಂತೆ. ನಮ್ಮಮ್ಮ ನಕ್ಕ ನಗೆಯನ್ನೇ ಆ ಹೆಂಗಸರೂ ನಕ್ಕಿರಬೇಕು.

ಇಲ್ಲಿಯವರೆಗಿನ ಕತೆಯನ್ನು ಮಕ್ಕಳಿಗೆ ಆವಿಷ್ಕಾರದ ಪಾಠವಾಗಿ ಹೇಳಬಹುದು. ನಾನು ಓದುತ್ತಾ ಕಂಗಾಲಾದದ್ದು ಇದರ ಮುಂದಿನ ಭಾಗಕ್ಕೆ.

ಟೆಫ್ಲಾನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಸೋಪಿನಂತೆ ಕೆಲಸ ಮಾಡುವ ಇನ್ನೊಂದು ರಾಸಾಯನಿಕ ಬೇಕಾಗುತ್ತಿತ್ತು. ಪಿಎಫ್‌ಒಎ ಎಂದು ಅದರ ಹೆಸರು. ಅದರಲ್ಲಿ ಎಂಟು ಇಂಗಾಲಗಳಿರುವುದರಿಂದ ಕಾರ್ಖಾನೆಯಲ್ಲಿ ಸಿ-8 ಎಂದು ಕರೆಯುತ್ತಿದ್ದರು. ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಊರಿನ ಹತ್ತಿರ, ಓಹಾಯೋ ನದಿಯ ದಡದಲ್ಲಿದ್ದ ಡ್ಯೂಪಾಂಟ್ ಕಾರ್ಖಾನೆ 1951ರಿಂದ ಇದನ್ನು 3ಎಂ ಕಂಪನಿಯಿಂದ ತರಿಸಿ ಬಳಸುತ್ತಿತ್ತು. ಪಾತ್ರೆಗೆ ಲೇಪ ಹಚ್ಚಿ ಸುಡುವಾಗ ಸಿ-8 ಬಹುಪಾಲು ಆವಿಯಾಗಿ ಹೋಗುತ್ತದೆ. ಹಾಗಾಗಿ ಅಂಗಡಿಯಿಂದ ಕೊಂಡು ತಂದ ಬಾಣಲೆಯಲ್ಲಿ ಅದು ಉಳಿಯುವುದು ಇಲ್ಲವೆಂಬಷ್ಟು ಕಡಿಮೆ. ಉಳಿದದ್ದು ಕಾರ್ಖಾನೆಯ ಸುತ್ತ. ಚಿಮಣಿಯಿಂದ ಗಾಳಿಗೆ, ಕೊಳವೆಯಿಂದ ನದಿಗೆ, ಗುಂಡಿಗಳಿಂದ ಅಂತರ್ಜಲಕ್ಕೆ. ಮತ್ತೆ ಆ ಗಟ್ಟಿ ಬಂಧ ನೆನಪಿಸಿಕೊಳ್ಳಿ. ಬಿಸಿಲಿಗೆ, ಮಳೆಗೆ, ಮಣ್ಣಿನ ಸೂಕ್ಷ್ಮಜೀವಿಗೆ, ನಮ್ಮ ಪಿತ್ತಜನಕಾಂಗಕ್ಕೆ, ಯಾವುದಕ್ಕೂ ಅದನ್ನು ಮುರಿಯಲು ಬರುವುದಿಲ್ಲ. ಮೈಯೊಳಗೆ ಹೋದದ್ದು ವರ್ಷಗಟ್ಟಲೆ ಇರುತ್ತದೆ.

ಆ ಊರಿನಲ್ಲಿ ವಿಲ್ಬರ್ ಟೆನಂಟ್ ಎಂಬ ದನ ಸಾಕುವ ರೈತನಿದ್ದ. ಅವನ ಮನೆತನದವರು ತಮ್ಮ ಜಮೀನಿನಲ್ಲಿ ಒಂದು ಭಾಗವನ್ನು 1980ರ ದಶಕದ ಆರಂಭದಲ್ಲಿ ಕಂಪನಿಗೆ ಮಾರಿದ್ದರು. ಕಂಪನಿ ಅಲ್ಲಿ ಕಸ ಹೂಳುವ ಗುಂಡಿ ಮಾಡಿತು. ಅಲ್ಲಿಂದ ಇಳಿದುಬರುವ ತೊರೆಯಲ್ಲಿ ಟೆನಂಟನ ದನಗಳು ನೀರು ಕುಡಿಯುತ್ತಿದ್ದವು. ತೊರೆಯಲ್ಲಿ ನೊರೆ ಬರತೊಡಗಿತು. ದನಗಳು ಬಡಕಲಾದವು, ಹಲ್ಲು ಕಪ್ಪಾದವು, ಕರುಗಳು ಸತ್ತೇ ಹುಟ್ಟಿದವು, ಸಾಧು ಹಸುಗಳು ಹಾಯಲು ಬಂದವು. ನೂರಕ್ಕೂ ಹೆಚ್ಚು ಜಾನುವಾರು ಸತ್ತವು. ಅವನ ಮಾತನ್ನು ಅಲ್ಲಿನ ಅಧಿಕಾರಿಗಳಾಗಲಿ ವಕೀಲರಾಗಲಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪನಿ ಅನ್ನ ಕೊಟ್ಟ ಊರು ಅದು. ಟೆನಂಟ್ ತಾನೇ ಒಂದು ಕ್ಯಾಮೆರಾ ಹಿಡಿದು, ಸತ್ತ ಹಸುವನ್ನು ಕೊಯ್ದು, ಒಳಗಿನ ಅಂಗಗಳನ್ನು ತೋರಿಸಿ ವಿಡಿಯೋ ಮಾಡಿಟ್ಟುಕೊಂಡ. 1998ರಲ್ಲಿ ಅವನು ಸಿನ್ಸಿನಾಟಿಯ ರಾಬ್ ಬಿಲೋಟ್ ಎಂಬ ವಕೀಲನಿಗೆ ಫೋನ್ ಮಾಡಿದ. ಬಿಲೋಟ್ ರಾಸಾಯನಿಕ ಕಂಪನಿಗಳ ಪರವಾಗಿಯೇ ವಾದಿಸುವವನು. ಆದರೆ ಅವನ ಅಜ್ಜಿಯ ಮನೆ ಪಾರ್ಕರ್ಸ್‌ಬರ್ಗಿನ ಕಡೆ, ಚಿಕ್ಕವನಿದ್ದಾಗ ರಜೆಗೆ ಅಲ್ಲಿಗೆ ಹೋಗುತ್ತಿದ್ದ. ಆ ಪರಿಚಯಕ್ಕೆ ಕಟ್ಟುಬಿದ್ದು ಆ ವಿಡಿಯೋ ನೋಡಿದ. 1999ರಲ್ಲಿ ದಾವೆ ಹೂಡಿದ.

ನನ್ನ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯಲ್ಲಿ ದೊಡ್ಡ ಕೆಲಸವೆಂದರೆ ಬಿಲೋಟ್ ಕಡತ ಓದಿದ್ದು. ನ್ಯಾಯಾಲಯದ ಆದೇಶದ ಮೇಲೆ ಕಂಪನಿ ಒಂದು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿತು. ಅವನು ಕಚೇರಿಯ ನೆಲದ ಮೇಲೆ ಕುಳಿತು ತಿಂಗಳುಗಟ್ಟಲೆ ಅವನ್ನು ಇಸವಿವಾರು ಜೋಡಿಸಿದ. ಸಿ-8 ಪ್ರಾಣಿಗಳ ಪಿತ್ತಜನಕಾಂಗಕ್ಕೆ ಹಾನಿ ಮಾಡುತ್ತದೆ ಎಂಬ ಸುಳಿವು ಕಂಪನಿಗೆ 1960ರ ದಶಕದಲ್ಲೇ ಸಿಕ್ಕಿತ್ತು. 1981ರಲ್ಲಿ, ಇಲಿಮರಿಗಳಲ್ಲಿ ಹುಟ್ಟಿನಿಂದಲೇ ಊನ ಕಂಡಿದೆ ಎಂದು 3ಎಂ ತಿಳಿಸಿದಾಗ, ಡ್ಯೂಪಾಂಟ್ ತನ್ನ ಮಹಿಳಾ ಕಾರ್ಮಿಕರ ಶಿಶುಗಳನ್ನು ಪರೀಕ್ಷಿಸಿತು. ಏಳು ಶಿಶುಗಳಲ್ಲಿ ಎರಡಕ್ಕೆ ಕಣ್ಣಿನ ದೋಷವಿತ್ತು. ಊರಿನವರಿಗೆ ಇದನ್ನು ಯಾರೂ ಹೇಳಲಿಲ್ಲ.

2004ರಲ್ಲಿ, ಅಂದರೆ ನಾವು ಈ ಶಾಲೆಯಿಂದ ಬೀಳ್ಕೊಡುಗೆ ತೆಗೆದುಕೊಂಡ ವರ್ಷ, ಆರು ನೀರು ಸರಬರಾಜು ಪ್ರದೇಶಗಳ ಜನರ ಪರವಾಗಿ ರಾಜಿ ಒಪ್ಪಂದವಾಯಿತು. ಬಂದ ಹಣದಲ್ಲಿ ಊರಿನವರ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಕೊಟ್ಟು ಪ್ರಶ್ನಾವಳಿ ತುಂಬಿದವರಿಗೆ 400 ಡಾಲರ್. ಸುಮಾರು 69,000 ಜನ ಬಂದರು. ವಿಜ್ಞಾನಿಗಳ ಸಮಿತಿ ಏಳು ವರ್ಷ ಲೆಕ್ಕ ಹಾಕಿ 2012ರ ವೇಳೆಗೆ ಆರು ಕಾಯಿಲೆಗಳಿಗೂ ಸಿ-8ಗೂ ಸಂಬಂಧ ಇರುವ ಸಂಭವವಿದೆ ಎಂದಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್, ಕರುಳಿನ ಹುಣ್ಣು, ಬಸಿರಿನಲ್ಲಿ ಏರುವ ರಕ್ತದೊತ್ತಡ, ಮತ್ತು ಕೊಲೆಸ್ಟ್ರಾಲ್. ಕೊನೆಯದನ್ನು ಓದಿದಾಗ ಅಪ್ಪನ ನೆನಪಾಗಿ ಒಂದು ಥರ ನಗು ಬಂತು. ನಮ್ಮ ತವಾದಿಂದ ಅಪ್ಪನಿಗೆ ಏನೂ ಆಗಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ನಾನು ಕೊಲೆಸ್ಟ್ರಾಲ್ ಇಳಿಸಲೆಂದು ಕೊಂಡ ವಸ್ತುವಿನ ಜಾತಿಯದ್ದು ಎಲ್ಲೋ ತಯಾರಾಗುವಾಗ ಯಾರದೋ ಕೊಲೆಸ್ಟ್ರಾಲ್ ಏರಿಸಿತ್ತು. 2017ರಲ್ಲಿ ಸುಮಾರು 3,550 ದಾವೆಗಳು 67 ಕೋಟಿ ಡಾಲರಿಗೆ ಇತ್ಯರ್ಥವಾದವು. ಟೆನಂಟ್ ಅದನ್ನು ನೋಡಲಿಲ್ಲ. 2009ರಲ್ಲೇ ತೀರಿಕೊಂಡಿದ್ದ.

ನಮ್ಮ ಕಡೆಯವರಿಗೆ ಈ ಕತೆ ಪೂರ್ತಿ ಹೊಸದೇನಲ್ಲ. ಹರಿಹರದ ಕೆಳಗೆ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದ್ದು, ಕಾರ್ಖಾನೆಯ ನೀರಿನ ವಿರುದ್ಧ ನದಿ ಪಕ್ಕದ ಹಳ್ಳಿಯವರು 1980ರ ದಶಕದಲ್ಲಿ ಹೋರಾಡಿದ್ದು ಇಲ್ಲಿನ ಹಿರಿಯರಿಗೆ ನೆನಪಿರಬೇಕು. ನಮ್ಮ ತುಂಗೆಯೇ ಅಲ್ಲಿಗೆ ಹರಿದು ಹೋಗುವುದು.

ಅಮೆರಿಕದ ಪರಿಸರ ಇಲಾಖೆ 2006ರಲ್ಲಿ ಎಂಟು ಕಂಪನಿಗಳನ್ನು ಒಪ್ಪಿಸಿ, 2015ರೊಳಗೆ ಪಿಎಫ್‌ಒಎ ಬಳಕೆ ನಿಲ್ಲಿಸಬೇಕೆಂದು ಗೊತ್ತುಮಾಡಿತು. 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧದ ಪಟ್ಟಿಗೆ ಅದು ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿತು. ಇವತ್ತು ಅಂಗಡಿಯಲ್ಲಿ ಹಸಿರು ಎಲೆಯ ಚಿತ್ರದ ಜೊತೆ "ಪಿಎಫ್‌ಒಎ ಮುಕ್ತ, ಪರಿಸರಸ್ನೇಹಿ" ಎಂದು ಬರೆದಿರುವುದು ಈ ಚರಿತ್ರೆಯ ಫಲ. ಆ ಮಾತು ಸುಳ್ಳಲ್ಲ. ಆದರೆ ಅದು ಹೇಳುವುದು ಒಂದೇ ಒಂದು ರಾಸಾಯನಿಕ ಇಲ್ಲವೆಂದು. ಒಳಗಿನ ಲೇಪ ಅದೇ ಪಿಟಿಎಫ್‌ಇ ಆಗಿರಬಹುದು. ಸಿ-8ರ ಜಾಗಕ್ಕೆ ಅದರ ದಾಯಾದಿಗಳು ಬಂದವು. ಅಂಥ ಒಂದು ರಾಸಾಯನಿಕ, ಜೆನ್‌ಎಕ್ಸ್, ಉತ್ತರ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ, ಅದರ ನೀರು ಕುಡಿಯುವ ಊರಿನ ನಲ್ಲಿಗಳಲ್ಲಿ ಇರುವುದು 2017ರಲ್ಲಿ ಬಯಲಾಯಿತು. ಇಟಲಿಯ ವಿಚೆಂಜಾ ಹತ್ತಿರ ಈ ವರ್ಗದ ರಾಸಾಯನಿಕಗಳನ್ನು ತಯಾರಿಸುತ್ತಿದ್ದ ಮಿಟೆನಿ ಎಂಬ ಕಾರ್ಖಾನೆ ಲಕ್ಷಾಂತರ ಜನರ ಕುಡಿಯುವ ನೀರು ಕೆಡಿಸಿ 2018ರಲ್ಲಿ ದಿವಾಳಿಯಾಯಿತು. 2025ರಲ್ಲಿ ಅಲ್ಲಿನ ನ್ಯಾಯಾಲಯ 11 ಮಂದಿಗೆ ಜೈಲು ಶಿಕ್ಷೆ ವಿಧಿಸಿತು. ಆ ಕಾರ್ಖಾನೆಯ ಯಂತ್ರಗಳು ಏನಾದವು? ಹರಾಜಾಗಿ, ಭಾರತದ ಕಂಪನಿಯೊಂದರ ಪಾಲಾಗಿ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶಕ್ಕೆ ಬಂದವು. ನಮ್ಮದೇ ಸಹ್ಯಾದ್ರಿಯ ಆಚೆ ಮಗ್ಗುಲು ಅದು.

ಹಾಗಾದರೆ ಅಜ್ಜಿಯ ಬೀಡಿನ ಕಾವಲಿಯೇ ಪುಣ್ಯವಂತ ಪಾತ್ರೆಯೋ? ನಾನೂ ಹಾಗೇ ತೀರ್ಮಾನಿಸಿ ಲೇಖನ ಮುಗಿಸುವವನಿದ್ದೆ. ಆದರೆ ಒಂದರ ಕಡತ ತೆಗೆದವನು ಇನ್ನೊಂದರದ್ದನ್ನೂ ತೆಗೆಯಬೇಕಲ್ಲ. ಕಬ್ಬಿಣದ ಕಾವಲಿಯ ಮೇಲೆ ದೋಸೆ ಎರೆಯುವುದು ನಮ್ಮಲ್ಲಿ ಬಹಳ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲೇ "ಧೋಸಕ" ಎಂಬ ತಿನಿಸು ಬರುತ್ತದೆ. ಆದರೆ ನಮ್ಮ ಮನೆಯವರು ಹೆಮ್ಮೆಯಿಂದ ಹೇಳುತ್ತಿದ್ದ ಭದ್ರಾವತಿ ಕಬ್ಬಿಣದ ಕತೆ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಾಗಿದ್ದ ಆ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡತೊಡಗಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ದೂರ, ಆದ್ದರಿಂದ ಕುಲುಮೆಗೆ ಇದ್ದಿಲು. ಇದ್ದಿಲಿಗೆ ಮಲೆನಾಡಿನ ಕಾಡು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬರುವವರೆಗೂ ಆ ಕಬ್ಬಿಣ ಕರಗಿದ್ದು ಮುಖ್ಯವಾಗಿ ನಮ್ಮ ಮರಗಳ ಉರಿಯಲ್ಲಿ. ಕಾವಲಿಗೂ ಒಂದು ಪಾರ್ಕರ್ಸ್‌ಬರ್ಗ್ ಇತ್ತು, ಅದು ಇಲ್ಲೇ ಇತ್ತು ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡಲಾರೆ. ಎರಡರ ನಡುವೆ ನನಗೆ ಕಾಣುವ ವ್ಯತ್ಯಾಸ ಇಷ್ಟೆ: ಕಡಿದ ಕಾಡು ಕಣ್ಣಿಗೆ ಕಾಣುತ್ತಿತ್ತು, ಕೆಲವು ಕಡೆ ಮತ್ತೆ ಚಿಗುರಿತು. ಮತ್ತೆ, ಒಮ್ಮೆ ತಂದ ಕಾವಲಿ ಮೂರು ತಲೆಮಾರಿಗೆ ಸಾಕಾಯಿತು. ನನ್ನ ನಾನ್‌ಸ್ಟಿಕ್ ತವಾಗಳು ಎರಡು ಮೂರು ವರ್ಷಕ್ಕೊಮ್ಮೆ ಸುಲಿದು ಹೋಗಿ, ಈವರೆಗೆ ನಾಲ್ಕು ಬದಲಾಗಿವೆ.

ಹೊಸದಾಗಿ ಮನೆ ಮಾಡುವ ನನ್ನ ಕಿರಿಯ ಸಹಪಾಠಿಗಳು ಏನು ಕೊಳ್ಳಲಿ ಎಂದು ಕೇಳುತ್ತಾರೆ. ನಾನು ಹೇಳುವುದು ದೋಸೆ, ರೊಟ್ಟಿ, ಒಗ್ಗರಣೆಗೆ ಬೀಡು ಅಥವಾ ಕಬ್ಬಿಣ. ಹುಣಸೆಹುಳಿ, ಟೊಮೆಟೊ ಹಾಕಿ ಕುದಿಸುವುದಕ್ಕೆ ಮಾತ್ರ ಅದು ಬೇಡ, ಹುಳಿ ಕಬ್ಬಿಣವನ್ನು ಬಿಡಿಸಿ ಸಾರು ಕಪ್ಪಾಗುತ್ತದೆ, ಅದಕ್ಕೆ ಸ್ಟೀಲೇ ಸರಿ. ಸೆರಾಮಿಕ್ ಎಂದು ಮಾರುವ ಪಾತ್ರೆಗಳಲ್ಲಿ ಫ್ಲೋರಿನ್ ಲೇಪವಿರುವುದಿಲ್ಲ, ಮರಳಿನ ಜಾತಿಯ ಸಿಲಿಕಾ ಲೇಪ. ಕಾದರೆ ಆ ಹೊಗೆ ಬರುವುದಿಲ್ಲ, ಆದರೆ ಅದರ ಜಾರುವ ಗುಣ ಬೇಗ ಹೋಗುತ್ತದೆ. ಬೇಗ ಎಸೆಯಬೇಕಾದದ್ದನ್ನು ಪರಿಸರಸ್ನೇಹಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಯಲ್ಲಿ ಈಗಾಗಲೇ ನಾನ್‌ಸ್ಟಿಕ್ ಇದ್ದರೆ ಹೆದರಿ ಬಿಸಾಡುವುದೂ ಬೇಡ. ಸಣ್ಣ ಉರಿ, ಮರದ ಸಟ್ಟುಗ, ತೆರೆದ ಕಿಟಕಿ. ಖಾಲಿ ಇಟ್ಟು ಕಾಯಿಸಬಾರದು. ಸುಮಾರು 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರುವಾಗುತ್ತದೆ, ಖಾಲಿ ತವಾ ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟಬಲ್ಲದು. ಆ ಹೊಗೆ ಮನುಷ್ಯರಿಗೆ ಜ್ವರ, ಚಳಿ ತರಿಸಬಹುದು. ಹಕ್ಕಿಗಳ ಶ್ವಾಸಕೋಶ ಅದನ್ನು ತಡೆಯುವುದಿಲ್ಲ.

ಹೋದ ಚಳಿಗಾಲದಲ್ಲಿ ಊರಿಗೆ ಹೋದಾಗ ಕೋಳಿಗೂಡಿನ ಬಾಗಿಲಿನಿಂದ ಕಾವಲಿ ತೆಗೆದೆ. ಪೂರ್ತಿ ಕೆಂಪು ತುಕ್ಕು. "ಅದನ್ನು ಯಾಕೆ ತಂದ್ಯೋ? ಗುಜರಿಯವನಿಗೆ ಕೊಡಬೇಕಂತ ಇದ್ದೆ" ಎಂದಳು ಅಮ್ಮ. ಪಳಗಿಸುವ ಕ್ರಮ ನನಗೆ ಪುಸ್ತಕದಿಂದ ಗೊತ್ತಿತ್ತು. ಎಣ್ಣೆಯನ್ನು ತೆಳ್ಳಗೆ ಹಚ್ಚಿ ಕಾಯಿಸಿದರೆ ಅದರ ಅಣುಗಳೂ ಕೈಕೈ ಹಿಡಿದು ಸರಪಳಿಯಾಗಿ, ಕಬ್ಬಿಣದ ಮೇಲೆ ಕಪ್ಪನೆಯ ಗಟ್ಟಿ ಪೊರೆಯಾಗುತ್ತವೆ. ಪ್ಲಂಕೆಟ್‌ನ ಸಿಲಿಂಡರಿನಲ್ಲಿ ಆದದ್ದೂ ಇಂಥದ್ದೇ, ಇಲ್ಲಿ ಮಾತ್ರ ಫ್ಲೋರಿನ್ ಇಲ್ಲ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವಳು ಕೇಳಿಸಿಕೊಂಡು, "ಮೊದ್ಲು ಹುಣಸೆಹಣ್ಣು ಹಾಕಿ ಉಜ್ಜು" ಎಂದಳು.

ಹುಣಸೆಹಣ್ಣು, ಮರಳು, ತೆಂಗಿನ ನಾರು ಹಾಕಿ ಅರ್ಧ ದಿನ ಉಜ್ಜಿದೆ. ಆಮೇಲೆ ಮೂರು ದಿನ ಅನ್ನದ ಗಂಜಿಯಲ್ಲಿ ನೆನೆಹಾಕಿದಳು. ತೊಳೆದು ಒರೆಸಿ, ಎಣ್ಣೆ ಸವರಿ ಸೌದೆ ಒಲೆಯ ಮೇಲೆ ಹೊಗೆಯಾಡುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ, ಹೀಗೆ ನಾಲ್ಕೈದು ಸಲ. ಕೊನೆಗೆ ಒಂದು ಬೊಗಸೆ ಈರುಳ್ಳಿ ಹಾಕಿ ಕರಕಲಾಗುವಂತೆ ಹುರಿದು ಚೆಲ್ಲಿದಳು. ಮಾರನೇ ದಿನ ಬೆಳಿಗ್ಗೆ ಮೊದಲ ದೋಸೆ ಚಿಂದಿಯಾಗಿ ನಾಯಿಗೆ ಹೋಯಿತು. ಎರಡನೆಯದು ಅರ್ಧ ಬಂತು. ಎಲ್ಲರ ಮನೆ ದೋಸೆಯೂ ತೂತು ಎಂದು ಅಪ್ಪ ಜಗಲಿಯಿಂದಲೇ ಹೇಳಿದರು. ಐದನೆಯದು ಅಂಚಿನಲ್ಲಿ ತಾನಾಗಿ ಎದ್ದಿತು. ಅಮ್ಮ ಸಟ್ಟುಗ ತೂರಿಸಿ ಎತ್ತಿ, ತಿರುಗಿಸಿ ನೋಡಿ, "ಅತ್ತೆ ಕೈಯಲ್ಲಿ ಹೀಗೇ ಬರ್ತಿತ್ತು" ಎಂದಳು.

ಅದನ್ನು ಬೆಂಗಳೂರಿಗೆ ತೆಗೆದುಕೊಂಡು ಹೋಗುತ್ತೇನೆ ಎಂದೆ. ಅಮ್ಮ ಒಪ್ಪಲಿಲ್ಲ. "ನೀನು ಬೇರೆ ತಗೋ. ಇದು ಈ ಮನೆಯದು." ನಾನು ಕೊಟ್ಟ ನಾನ್‌ಸ್ಟಿಕ್ ತವಾವನ್ನೂ ಅವಳು ಬಿಟ್ಟಿಲ್ಲ, ಅಪ್ಪನ ಆಮ್ಲೆಟ್ಟಿಗೆ ಸಣ್ಣ ಉರಿಯಲ್ಲಿ ಬಳಸುತ್ತಾಳೆ. ನಾನು ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿ ಹೊಸದೊಂದು ಬೀಡಿನ ಕಾವಲಿ ಕೊಂಡು, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದೆ. ತಿಂಗಳುಗಳು ಕಳೆದವು. ವಾರಕ್ಕೊಂದು ದೋಸೆಯಾದರೂ ಈಗಲೂ ಹರಿಯುತ್ತದೆ. ಮಗಳು ಹರಿದದ್ದನ್ನೇ ಮೊದಲು ಕೇಳಿ ತಿನ್ನುತ್ತಾಳೆ, ಕರಕಲು ಭಾಗ ಅವಳಿಗಿಷ್ಟ.